ಚೀಟಿಯಲ್ಲಿ ಇಲ್ಲದ ಕಸುವು

ಹಿರೇಕೆರೂರಿನಿಂದ ಎರಡು ಕಿಲೋಮೀಟರು ಹೊರಗೆ, ಬೀಜದ ಕಂಪನಿಯೊಂದರ ಗೋದಾಮಿಗೆ ಅಂಟಿಕೊಂಡಿದ್ದ ಪರೀಕ್ಷಾ ಕೋಣೆಯಲ್ಲಿ ವಿದ್ಯಾ ಮೂರು ವರ್ಷದಿಂದ ಕೆಲಸಕ್ಕಿದ್ದಳು. ಆಡೂರಿನ ಕೇರಿಯಿಂದ ಕೃಷಿ ಡಿಪ್ಲೊಮಾ ಓದಿ ಬಿಳಿ ಕೋಟು ತೊಟ್ಟವಳು ಅವಳೊಬ್ಬಳೇ. ಆ ಕೋಟಿನಲ್ಲಿ ತೆಗೆಸಿಕೊಂಡ ಫೋಟೋಕ್ಕೆ ಅವಳ ಅವ್ವ ಗುತ್ತೆವ್ವ ಕಟ್ಟು ಹಾಕಿಸಿ, ಬುದ್ಧ ಮತ್ತು ಬಾಬಾಸಾಹೇಬರ ಪಟಗಳ ಕೆಳಗೆ ತೂಗುಹಾಕಿದ್ದಳು. ಮನೆಗೆ ಬಂದವರು ಅದನ್ನು ನೋಡದಿದ್ದರೆ ತಾನೇ ಕೈ ಮಾಡಿ ತೋರಿಸುತ್ತಿದ್ದಳು.

ಕೆಲಸವೇನೋ ಹೊರಗಿನವರಿಗೆ ಹೇಳಿದರೆ ನಗು ಬರುವಂಥದ್ದು. ನಾಲ್ಕುನೂರು ಬೀಜಗಳನ್ನು ಒದ್ದೆ ಕಾಗದದಲ್ಲಿ ಸುರುಳಿ ಸುತ್ತಿ ನಿಲ್ಲಿಸಬೇಕು, ಏಳನೆಯ ದಿನ ಬಿಚ್ಚಿ ಎಷ್ಟು ಮೊಳೆತಿವೆ ಎಂದು ನೋಡಬೇಕು. ಗೋವಿನಜೋಳವಾದರೆ ನೂರಕ್ಕೆ ತೊಂಬತ್ತಾದರೂ ಮೊಳೆಯಬೇಕು. ಮೊಳೆತರೆ ಚೀಲಕ್ಕೆ ಚೀಟಿ ಹೊಲಿದು ಮಾರಬಹುದು. ಕಾನೂನು ಕೇಳುವುದು ಅಷ್ಟನ್ನೇ.

ಕೋಣೆಯ ಮೂಲೆಯಲ್ಲಿ ಇನ್ನೊಂದು ಪೆಟ್ಟಿಗೆ ಇತ್ತು. ಅದರೊಳಗೆ ಬೀಜವನ್ನು ನಾಲ್ಕು ದಿನ ಬೇಯಿಸುವಂಥ ಸೆಕೆಯಲ್ಲಿ, ಆವಿಯಲ್ಲಿ ಇಟ್ಟು ಆಮೇಲೆ ಮೊಳಕೆಗೆ ಹಾಕುವುದು. ಕಸುವಿರುವ ಬೀಜ ಆ ಹಿಂಸೆಯನ್ನೆಲ್ಲ ತಾಳಿಕೊಂಡು ಏಳುತ್ತದೆ. ಕಸುವಿಲ್ಲದ್ದು ಅಲ್ಲೇ ಕೊಳೆಯುತ್ತದೆ. ಬೇಕಾದಷ್ಟೇ ನೀರು, ಬೇಕಾದಷ್ಟೇ ಬಿಸುಪು ಕೊಟ್ಟು ಸಾಕಿದರೆ ಸಾಯಲು ಬಿದ್ದ ಬೀಜವೂ ಒಮ್ಮೆ ಕಣ್ಣು ಬಿಡುತ್ತದೆ, ಹೊಲದಲ್ಲಿ ಅದನ್ನು ಯಾರೂ ಹಾಗೆ ಸಾಕುವುದಿಲ್ಲ ಎಂದು ಡಿಪ್ಲೊಮಾದ ಮೇಷ್ಟರೊಬ್ಬರು ಹೇಳಿದ್ದು ವಿದ್ಯಾಳ ಮನಸ್ಸಿನಲ್ಲಿ ಕುಳಿತಿತ್ತು. ಯಾರೂ ಕೇಳದಿದ್ದರೂ ಅವಳು ಒಂದೇ ನಂಬರಿನಡಿ ಬರುವ ಬೀಜದ ಪ್ರತಿ ಲಾಟಿಗೂ ಈ ಎರಡನೆಯ ಪರೀಕ್ಷೆ ಮಾಡಿ ಹಾಳೆ ಬರೆದಿಡುತ್ತಿದ್ದಳು.

ಆ ವರ್ಷ ಏಪ್ರಿಲ್ ಕೊನೆಗೆ, ಹಿಂದಿನ ವರ್ಷ ಮಾರಾಟವಾಗದೆ ಉಳಿದ ಗೋವಿನಜೋಳದ ಒಂದು ಲಾಟು ಮರುಪರೀಕ್ಷೆಗೆ ಬಂತು. ಬೇಸಿಗೆಯೆಲ್ಲ ತಗಡಿನ ಗೋದಾಮಿನಲ್ಲಿ ಕಾದ ಬೀಜ. ನಂಬರಿನ ಕೊನೆಗೆ ನಲವತ್ತೇಳು. ಮೊಳಕೆ ತೊಂಬತ್ತೆರಡು ಬಂತು. ಪೆಟ್ಟಿಗೆಯಲ್ಲಿಟ್ಟು ತೆಗೆದ ಮೇಲೆ ಮೂವತ್ತೊಂದು. ತಪ್ಪಾಗಿರಬಹುದೆಂದು ವಿದ್ಯಾ ಇನ್ನೊಮ್ಮೆ ಮಾಡಿದಳು. ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಎರಡೂ ಹಾಳೆಗಳನ್ನು ಹಿಡಿದು ಮ್ಯಾನೇಜರ್ ಸಂಜಯನ ಬಳಿಗೆ ಹೋದಳು.

ಸಂಜಯ ಹಿರೇಕೆರೂರಿನವನೇ, ದೊಡ್ಡ ಜಮೀನಿನ ಮನೆತನದ ಹುಡುಗ. ಕೆಟ್ಟವನಲ್ಲ. ಮಾವಿನ ಕಾಲದಲ್ಲಿ ಕೋಣೆಯವರಿಗೆಲ್ಲ ತೋಟದ ಹಣ್ಣು ತಂದು ಕೊಡುತ್ತಿದ್ದ, ಯಾರಿಗೂ ದನಿ ಎತ್ತಿ ಮಾತಾಡಿದವನಲ್ಲ.

"ಮೊಳಕಿ ಎಷ್ಟ ಬಂತ್ರಿ?" ಎಂದ.

"ತೊಂಬತ್ತೆರಡು ಸರ್. ಆದ್ರ ಕಸುವಿನ ಪರೀಕ್ಷಾದಾಗ ಮೂವತ್ತೊಂದಕ್ಕ ಬಿತ್ತು. ಹದಾ ಚಲೋ ಇದ್ರ ಏಳತೈತಿ. ಬಿತ್ತಿದ ಮ್ಯಾಲೆ ಮಳಿ ಹಿಡಕೊಂಡ್ರ ಇದು ತಡಿಯಂಗಿಲ್ಲ."

ಸಂಜಯ ಮೇಜಿನ ಮೇಲಿದ್ದ ಖಾಲಿ ಚೀಟಿಯೊಂದನ್ನು ಅವಳತ್ತ ಸರಿಸಿದ. "ಇದರಾಗ ಕಸುವು ಅನ್ನೋ ಕಾಲಂ ಎಲ್ಲಿ ಐತಿ, ತೋರಸ್ರಿ."

ಇರಲಿಲ್ಲ. ತಳಿಯ ಹೆಸರಿತ್ತು, ಮೊಳಕೆಯಿತ್ತು, ತೇವಾಂಶವಿತ್ತು, ತಾರೀಖಿತ್ತು.

"ಇಲ್ಲದ್ದಕ್ಕ ನಾವ್ಯಾಕ ತಲಿ ಕೆಡಿಸ್ಕೋಬೇಕ್ರಿ? ನಮ್ಮಪ್ಪಗೂ ಇದರಾಗಿಂದ ಹತ್ತು ಚೀಲ ಕಳಸಾಕತ್ತೇನಿ. ಮ್ಯಾಲಿನವರು ನಿಮ್ಮ ಹೆಸರು ಕಾಯಂ ಮಾಡಾಕ ಕೇಳ್ಯಾರ. ಜುಲೈದಾಗ ಆಗತೈತಿ. ಈಗ ಇದಕ್ಕೊಂದು ಸಹಿ ಮಾಡ್ರಿ."

ವಿದ್ಯಾ ಸಹಿ ಮಾಡಿದಳು. ಬರೆದದ್ದು ಸುಳ್ಳಲ್ಲ, ತೊಂಬತ್ತೆರಡು ಬಂದದ್ದು ನಿಜ ಎಂದು ಬಸ್ಸಿನಲ್ಲಿ ಬರುವಾಗ ತನಗೆ ತಾನೇ ಹೇಳಿಕೊಂಡಳು. ಕಸುವಿನ ಹಾಳೆಗಳನ್ನು ಮಾತ್ರ ಕಡತಕ್ಕೆ ಹಾಕದೆ ಬ್ಯಾಗಿನಲ್ಲಿ ಇಟ್ಟುಕೊಂಡಳು. ಯಾಕೆ ಇಟ್ಟುಕೊಂಡಳೆಂದು ಅವಳಿಗೂ ತಿಳಿದಿರಲಿಲ್ಲ.

ಜೂನ್ ಐದರ ಮಧ್ಯಾಹ್ನ ಅವಳ ಫೋನು ಹೊಡೆದುಕೊಂಡಿತು. ಹಾನಗಲ್ಲಿನ ಬೀಜದ ಅಂಗಡಿಯಿಂದ ಶಂಕ್ರವ್ವ.

ಶಂಕ್ರವ್ವ ಕೇರಿಯಲ್ಲಿ ಅವರ ಎದುರು ಮನೆಯವಳು, ಅರವತ್ತರ ವಿಧವೆ. ವಿದ್ಯಾ ಹುಟ್ಟಿದಾಗ ಗುತ್ತೆವ್ವ ನಂಜಿನ ಜ್ವರ ಹತ್ತಿ ಎರಡು ತಿಂಗಳು ಹಾಸಿಗೆ ಹಿಡಿದಿದ್ದಳು. ಆಗ ತನ್ನ ಕೂಸಿನ ಜೊತೆಗೆ ಈ ಕೂಸಿಗೂ ಹಾಲು ಕೊಟ್ಟು ಬದುಕಿಸಿದವಳು ಶಂಕ್ರವ್ವ. ಆ ವರ್ಷವೇ ಅವಳ ಸ್ವಂತ ಕೂಸು ಕಾಮಾಲೆಗೆ ಹೋಯಿತು. ಆಮೇಲೆ ಮಕ್ಕಳಾಗಲಿಲ್ಲ. ವಿದ್ಯಾ ಅವಳನ್ನು ದೊಡ್ಡವ್ವ ಎನ್ನುತ್ತಿದ್ದಳು. ಹಾನಗಲ್ಲಿನ ಹಾಸ್ಟೆಲಿನಲ್ಲಿದ್ದ ಅಷ್ಟೂ ವರ್ಷ ವಾರಕ್ಕೊಮ್ಮೆ ರೊಟ್ಟಿಯ ಗಂಟು ಬರುತ್ತಿದ್ದದ್ದು ದೊಡ್ಡವ್ವನ ಕೈಯಿಂದ.

"ಯವ್ವಾ, ಗೊಂಜಾಳದ ಬೀಜ ತಗೊಳಾಕ ಬಂದೇನಿ. ನಿಮ್ಮ ಕಂಪನಿದ ಐತಿ. ಅಂಗಡಿಯಾವರು ನಂಬರ್ ಹೇಳ್ತಾರಂತ, ಒಂದೀಟು ಕೇಳಿ ಹೇಳು."

ಅಂಗಡಿಯವನು ನಂಬರು ಓದಿದ. ಕೊನೆಗೆ ನಲವತ್ತೇಳು.

ಎದುರಿಗೆ ಸಂಜಯ ಕುಳಿತು ಕಾಗದಗಳಿಗೆ ಸಹಿ ಹಾಕುತ್ತಿದ್ದ. ತಲೆ ಎತ್ತಲಿಲ್ಲ, ಆದರೆ ಪೆನ್ನು ನಿಂತಿತ್ತು.

"ಪರೀಕ್ಷಾ ಪಾಸಾಗೇತಿ ದೊಡ್ಡವ್ವ."

"ಅಂದ್ರ ಚಲೋ ಐತಿ ಹೌದಿಲ್ಲೋ?"

"ಮೊಳಕಿ ಚಲೋ ಐತಿ."

"ಆತ್ ಬಿಡು. ನೀ ಅಂದ ಮ್ಯಾಲೆ ಮುಗೀತು. ಕೇರಿಯಾವರೆಲ್ಲಾ ಇಲ್ಲೇ ನಿಂತಾರ, ಅವರಿಗೂ ಹೇಳ್ತೇನಿ."

ಫೋನು ಕಟ್ಟಾಯಿತು. ಸಂಜಯನ ಪೆನ್ನು ಮತ್ತೆ ಓಡತೊಡಗಿತು.

ಸಂಜೆ ಹಿರೇಕೆರೂರಿನ ಬಾಡಿಗೆ ರೂಮಿಗೆ ಹೋದಮೇಲೆ ವಿದ್ಯಾ ಅಣ್ಣ ರವಿಕುಮಾರನಿಗೆ ಫೋನು ಮಾಡಿದಳು. ಅವನೂ ಅದೇ ಅಂಗಡಿಯಿಂದ ಅದೇ ನಂಬರಿನ ಎರಡು ಚೀಲ ತಂದಿದ್ದ.

"ಯಣ್ಣಾ, ನಾಳೆ ಮುಂಜಾನೆ ಹೋಗಿ ಅದನ್ನ ಬದಲ ಮಾಡು. ಅರವತ್ತೆರಡು ಅಂತ ಇನ್ನೊಂದು ನಂಬರ್ ಐತಿ, ಅದನ್ನ ತಗೋ. ಯಾರ ಮುಂದೂ ಹೇಳಬ್ಯಾಡ. ದೊಡ್ಡವ್ವಂದರ ಹೆಂಗರ ಮಾಡಿ ಬದಲ ಮಾಡಸು."

"ದೊಡ್ಡವ್ವಗ ಹೇಳಿದ್ರ ಸಂಜೀಗೆ ಊರಿಗೆಲ್ಲಾ ಗೊತ್ತಾಗತೈತಿ. ಆಮ್ಯಾಲೆ ನಿನ್ನ ನೌಕರಿ?"

ವಿದ್ಯಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಾ ನೋಡ್ಕೋತೇನಿ ಬಿಡು," ಎಂದ ರವಿ.

ನೋಡಿಕೊಳ್ಳುತ್ತೇನೆ ಎಂದರೆ ಏನು ಮಾಡುತ್ತಾನೆ ಎಂದು ಅವಳು ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಮರುದಿನ ರವಿ ತನ್ನ ಎರಡು ಚೀಲ ಬದಲಿಸಿಕೊಂಡು ಬಂದ. ಶಂಕ್ರವ್ವನ ಮನೆಗೆ ಹೋಗಲಿಲ್ಲ.

ಕೇರಿಯವರ ಹೊಲಗಳೆಲ್ಲ ಊರ ಕೆಳಗೆ ಒಂದೇ ಪಟ್ಟಿಯಲ್ಲಿದ್ದವು. ಎಂದೋ ಸರ್ಕಾರ ಹಂಚಿಕೊಟ್ಟ ನೆಲ. ಮೇಲಿನ ಹೊಲಗಳ ನೀರೆಲ್ಲ ಇಳಿದು ಬಂದು ನಿಲ್ಲುವ ತಗ್ಗು. ಒಳ್ಳೆಯ ನೆಲವಾಗಿದ್ದರೆ ತಮ್ಮ ಪಾಲಿಗೆ ಬರುತ್ತಿತ್ತೇ ಎಂದು ಹಿರಿಯರು ಆಗಾಗ ಅನ್ನುತ್ತಿದ್ದರು. ಮಿರಗದ ಮಳೆ ಹದವಾಗಿ ಬಿದ್ದ ಮೇಲೆ ಜೂನ್ ಹತ್ತಕ್ಕೆ ಎಲ್ಲರೂ ಕೂರಿಗೆ ಹೂಡಿದರು. ಹನ್ನೆರಡಕ್ಕೆ ಮಳೆ ಹಿಡಿಯಿತು. ಐದು ದಿನ ಸೂರ್ಯ ಕಾಣಲಿಲ್ಲ. ಆರನೆಯ ದಿನ ಬಿಸಿಲು ಬಂದು ಮಣ್ಣು ಹಪ್ಪಳದ ಹಾಗೆ ಬಿಗಿಯಿತು.

ಅದರ ಮರುವಾರದ ಭಾನುವಾರ ವಿದ್ಯಾ ಆಡೂರಿಗೆ ಬಂದಳು. ಮನೆಗೆ ಹೋಗದೆ ನೇರ ಹೊಲಕ್ಕೆ ಇಳಿದಳು. ಶಂಕ್ರವ್ವನ ಹೊಲದಲ್ಲಿ ಸಾಲುಗಳೇ ಕಾಣುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಹಳದಿ ಸೂಜಿ, ಹುಟ್ಟಿದ ಹತ್ತೇ ದಿನಕ್ಕೆ ಮುಪ್ಪು ಬಂದ ಹಾಗೆ ಬಾಗಿ ನಿಂತಿತ್ತು. ಅವಳು ಕುಳಿತು ಬೆರಳಿನಿಂದ ಮಣ್ಣಿನ ಹೆಪ್ಪು ಎಬ್ಬಿಸಿದಳು. ಕೆಳಗೆ ಬೀಜ ಮೊಳೆತಿತ್ತು. ಮೊಳಕೆ ಮೇಲೆ ಬರಲಾರದೆ ಹೆಪ್ಪಿನ ಅಡಿಯಲ್ಲೇ ಸುತ್ತಿ ಸುತ್ತಿ ಕಂದಾಗಿ ಸತ್ತಿತ್ತು. ಇನ್ನೊಂದು ಕಡೆ ಎಬ್ಬಿಸಿದಳು. ಅಲ್ಲಿಯೂ ಹಾಗೇ. ನೂರಕ್ಕೆ ತೊಂಬತ್ತೆರಡು ಮೊಳೆತಿರಬಹುದು ಎಂಬ ಲೆಕ್ಕ ಬೇಡವೆಂದರೂ ತಲೆಗೆ ಬಂತು.

ಬದುವಿನ ಆಚೆ ರವಿಯ ಹೊಲ. ಅಲ್ಲಿ ಸಾಲಿಗೆ ಸಾಲು ಹೆಪ್ಪನ್ನು ಒಡೆದುಕೊಂಡು ಹಸಿರಾಗಿ ಎದ್ದು ನಿಂತಿತ್ತು. ಹತ್ತೊಂಬತ್ತು ಹೊಲಗಳ ಬರಿ ಮಣ್ಣಿನ ನಡುವೆ ಅದೊಂದೇ ಹಸಿರು ಮೇಲಿನ ರಸ್ತೆಯವರೆಗೆ ಕಾಣುತ್ತಿತ್ತು.

ಬದುವಿನ ಮೇಲೆ ಚನ್ನೇಶ ನಿಂತಿದ್ದ. ಕೇರಿಯವನೇ, ರವಿಯ ಓರಗೆಯವನು. ಅವನ ಮೂರು ಎಕರೆಯೂ ಹೋಗಿತ್ತು. ಅವನು ವಿದ್ಯಾಳನ್ನು ಮಾತಾಡಿಸಲಿಲ್ಲ. ಸಾಲಿನ ನಡುವಿನ ಕಳೆ ನೋಡುತ್ತಿದ್ದ ರವಿಯನ್ನು ಕೂಗಿ ಕೇಳಿದ.

"ಒಂದ ಮಳಿ, ಒಂದ ಮಣ್ಣು, ಒಂದ ದಿನ ಬಿತ್ತೇವಿ. ಕೂರಿಗಿನೂ ಒಂದ. ನಿಂದಷ್ಟ ಹೆಂಗ ಎದ್ದೇತಿ?"

"ನಸೀಬು," ಎಂದ ರವಿ.

"ನಿನ್ನ ಚೀಲದ ನಂಬರ್ ಎಷ್ಟ?"

"ಚೀಲ ಒಗದೇನಿ."

ಚನ್ನೇಶ ಮರುದಿನ ಹಾನಗಲ್ಲಿಗೆ ಹೋಗಿ ಅಂಗಡಿಯವನನ್ನು ಕೇಳಿದ. ಅಂಗಡಿಯವನಿಗೆ ಚೆನ್ನಾಗಿ ನೆನಪಿತ್ತು. ನಿಮ್ಮ ಊರಿನ ರವಿಕುಮಾರ ಬೆಳಗಾಗುತ್ತಲೇ ಬಂದು, ಅರವತ್ತೆರಡೇ ಬೇಕು ಎಂದು ಹಟ ಹಿಡಿದು ಬದಲಿಸಿಕೊಂಡು ಹೋದನಲ್ಲ ಎಂದ.

ಆ ಸಂಜೆ ಕೇರಿಯವರು ಗುತ್ತೆವ್ವನ ಮನೆಯ ಮುಂದೆ ನೆರೆದರು. ಬೈಗುಳವಿರಲಿಲ್ಲ. ಚನ್ನೇಶ ನಡೆದದ್ದನ್ನು ಒಂದೊಂದಾಗಿ ಹೇಳಿದ. ರವಿ ತಲೆ ತಗ್ಗಿಸಿ ನಿಂತ. ಶಂಕ್ರವ್ವ ತನ್ನ ಮನೆಯ ಹೊಸ್ತಿಲ ಮೇಲೆ ಕುಳಿತು ಎಲ್ಲವನ್ನೂ ಕೇಳಿ, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ದೀಪ ಹಚ್ಚುವ ಮೊದಲೇ ಅವಳು ಆ ಬಾಗಿಲು ಹಾಕಿಕೊಂಡದ್ದನ್ನು ಗುತ್ತೆವ್ವ ನೋಡಿದ್ದು ಅದೇ ಮೊದಲು.

ಗುತ್ತೆವ್ವ ಮಗಳಿಗೆ ಫೋನು ಮಾಡಿದಳು. "ನನಗರ ಒಂದ ಮಾತು ಹೇಳಬಾರದಿತ್ತೇನು? ನಾ ಓಡಿ ಹೋಗಿ ಆಕಿಗೆ ಹೇಳ್ತಿದ್ದೆ."

"ಅದಕ್ಕ ಹೇಳಲಿಲ್ಲವ್ವ," ಎಂದಳು ವಿದ್ಯಾ.

ಸವಣೂರು, ಶಿಗ್ಗಾಂವಿ ಕಡೆಯಿಂದಲೂ ಅದೇ ನಂಬರಿನ ಮೇಲೆ ದೂರುಗಳು ಬಂದಿದ್ದವು. ಕೃಷಿ ಅಧಿಕಾರಿ ಹೊಲ ನೋಡಲು ಬಂದರು. ಅಂಗಡಿಯಲ್ಲಿ ಉಳಿದಿದ್ದ ಚೀಲದಿಂದ ಬೀಜ ತೆಗೆದು ಸರ್ಕಾರದ ಪರೀಕ್ಷೆಗೆ ಕಳಿಸಿದರು. ಎರಡು ವಾರಕ್ಕೆ ಉತ್ತರ ಬಂತು: ಮೊಳಕೆ ತೊಂಬತ್ತೊಂದು, ಬೀಜದಲ್ಲಿ ದೋಷವಿಲ್ಲ, ಅತಿಯಾದ ತೇವದಿಂದ ಬೆಳೆ ಹಾಳಾಗಿದೆ.

ಆ ಸುದ್ದಿ ಕೇಳಿದ ದಿನ ವಿದ್ಯಾ ಬ್ಯಾಗಿನಲ್ಲಿದ್ದ ಹಾಳೆಗಳನ್ನು ತೆಗೆದುಕೊಂಡು ಆಡೂರಿಗೆ ಹೋದಳು. ಚನ್ನೇಶನ ಮನೆಯ ಕಟ್ಟೆಯ ಮೇಲೆ ಅವನ ಕೈಗೆ ಕೊಟ್ಟಳು. ಅವಳು ಒಂದು ತಿಂಗಳಿಂದ ಆ ಕ್ಷಣವನ್ನೇ ಯೋಚಿಸಿದ್ದಳು. ನೌಕರಿ ಹೋಗುತ್ತದೆ, ಹೋಗಲಿ, ಜನರಿಗಾದರೂ ನ್ಯಾಯ ಸಿಕ್ಕೀತು, ತನ್ನ ಕಡೆ ಮುಖ ಕೊಟ್ಟು ಮಾತಾಡಿಯಾರು ಎಂದು ಬಸ್ಸಿನುದ್ದಕ್ಕೂ ಲೆಕ್ಕ ಹಾಕುತ್ತ ಬಂದಿದ್ದಳು.

ಚನ್ನೇಶ ಹಾಳೆಯನ್ನು ನಿಧಾನವಾಗಿ ಓದಿದ. ಅಂಕಿಯ ಮೇಲೆ ಅವನ ಕಣ್ಣು ನಿಲ್ಲಲಿಲ್ಲ. ಕೆಳಗಿನ ತಾರೀಖಿನ ಮೇಲೆ ನಿಂತಿತು.

"ಮೇ ಇಪ್ಪತ್ತೊಂದು," ಎಂದ. "ನಾವು ಬಿತ್ತಿದ್ದು ಜೂನ್ ಹತ್ತಕ್ಕ. ಇಪ್ಪತ್ತು ದಿನ ಇದು ನಿನ್ನ ಚೀಲದಾಗಿತ್ತು."

ವಿದ್ಯಾ ಬ್ಯಾಗಿನ ಜಿಪ್ಪು ಎಳೆದುಕೊಂಡಳು.

"ನಿನಗ ಗೊತ್ತಿದ್ದೀತು ಅಂತ ಇಷ್ಟು ದಿನ ಗುಮಾನಿ ಇತ್ತು," ಎಂದು ಅವನು ಹಾಳೆ ಮಡಚಿ ಕಿಸೆಯಲ್ಲಿ ಇಟ್ಟುಕೊಂಡ. "ಈಗ ಪುರಾವೆ ಆತು."

ಚನ್ನೇಶ ಮತ್ತು ಕೇರಿಯವರು ಅದನ್ನು ಕೃಷಿ ಅಧಿಕಾರಿಗೆ ತೋರಿಸಿದರು. ಅವರು ಕನ್ನಡಕ ಏರಿಸಿ ನೋಡಿ, ಇದು ಕಂಪನಿಯ ಒಳಗಿನ ಕಾಗದ, ಕಸುವಿನ ಪರೀಕ್ಷೆಯನ್ನು ಕಾನೂನು ಕೇಳುವುದಿಲ್ಲ, ಇದರ ಮೇಲೆ ನಾನು ಏನೂ ಬರೆಯುವಂತಿಲ್ಲ ಎಂದು ವಾಪಸು ಕೊಟ್ಟರು. ಕಂಪನಿಯ ಮೇಲೆ ಒಂದು ಗೆರೆಯನ್ನೂ ಎಳೆಯದ ಆ ಹಾಳೆಯ ಸುದ್ದಿ ಕಂಪನಿಗೆ ಮುಟ್ಟಿ, ವಿದ್ಯಾಳ ನೌಕರಿ ಕಳೆಯಲು ಮಾತ್ರ ಸಾಕಾಯಿತು.

ಸಂಜಯ ಅವಳನ್ನು ಕರೆಸಿ ಕೂರಿಸಿದ. ಅವತ್ತೂ ದನಿ ಎತ್ತಲಿಲ್ಲ.

"ಕಂಪನಿ ಕಾಗದ ಹೊರಗ ಒಯ್ದೀರಿ. ನನ್ನ ಕೈಯಾಗ ಏನೂ ಇಲ್ರಿ." ಡ್ರಾಯರಿನಿಂದ ಒಂದು ಕಾಗದ ತೆಗೆಯುತ್ತ ಹೇಳಿದ, "ನಮ್ಮಪ್ಪನ ಹೊಲದಾಗ ಅದ ಬೀಜ ಎದ್ದು ನಿಂತೇತಿ. ಬೇಕಾದ್ರ ಬಂದು ನೋಡ್ರಿ. ಬೀಜ ಕೆಟ್ಟದ್ದಾಗಿದ್ರ ಅಲ್ಲಿ ಹೆಂಗ ಏಳ್ತಿತ್ತು?"

ವಿದ್ಯಾ ಆ ಹೊಲ ನೋಡಿದ್ದಳು. ನೀರು ಸರಾಗ ಹರಿದುಹೋಗುವ ಏರು ನೆಲ. ಬಿತ್ತುವ ಮೊದಲು ಬೀಜಕ್ಕೆ ಔಷಧ, ಬಿತ್ತಿದ ಮೇಲೆ ಹೆಪ್ಪು ಒಡೆಯಲು ಆಳು.

"ಆ ಹೊಲದಾಗ ಕಸುವು ಬೇಕಾಗೇ ಇಲ್ಲ ಸರ್," ಎಂದಳು. "ಬೇಕಾಗಿದ್ದು ನಮ್ಮ ಹೊಲದಾಗ."

ಸಂಜಯನಿಗೆ ಅದು ಅರ್ಥವಾಯಿತೋ ಇಲ್ಲವೋ. ಕಾಗದದ ಮೇಲೆ ಎಲ್ಲಿ ಸಹಿ ಮಾಡಬೇಕೆಂದು ತೋರಿಸಿದ.

ರೂಮು ಖಾಲಿ ಮಾಡಿ ಊರಿಗೆ ಬಂದ ಮರುದಿನ ಅವಳು ಎದುರು ಮನೆಗೆ ಹೋದಳು. ಶಂಕ್ರವ್ವ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಹೊಲ ಎರಡನೆಯ ಸಲ ಬಿತ್ತಲು ಹೊತ್ತು ಮೀರಿತ್ತು. ಮೂರು ತಿಂಗಳ ಅಲಸಂದಿ ಚೆಲ್ಲಿ, ತಾನು ಊರ ಗೌಡರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ಮೂವತ್ತು ವರ್ಷದ ಹಿಂದೆ ಬಿಟ್ಟ ಕೂಲಿ ಅದು. ವಿದ್ಯಾಳನ್ನು ನೋಡಿ ಕೈ ಒರೆಸಿಕೊಂಡು ಚಾಪೆ ಹಾಸಿದಳು.

"ಬರ್ರಿ. ಕುಂದರ್ರಿ."

ವಿದ್ಯಾ ಚಾಪೆಯ ಅಂಚಿಗೆ ಕೂತಳು. ಹುಟ್ಟಿದಾಗಿನಿಂದ ಆ ಬಾಯಿಂದ ಅವಳು ಕೇಳಿದ್ದು ಬಾ, ಕೂಡು, ಉಣ್ಣು ಎಂಬ ಮಾತು.

"ದೊಡ್ಡವ್ವ, ನನಗ ಬೈ. ಹೊಡಿ ಬೇಕಾದ್ರ."

"ನಿಮಗ ಯಾಕ ಬೈಲಿ?" ಶಂಕ್ರವ್ವ ಹುಲ್ಲು ಸರಿಮಾಡುತ್ತಲೇ ಹೇಳಿದಳು. "ನೌಕರಿ ಮಾಡೋವರದು ನಿಮ್ಮ ತ್ರಾಸು ನಿಮಗಿರತೈತಿ. ಅಂಗಡ್ಯಾಗ ನಾ ಎಲ್ಲಾರಿಗೂ ಹೇಳಿದೆ, ನಮ್ಮ ಹುಡುಗಿ ಹೇಳ್ಯಾಳ, ತಗೋರಿ ಅಂತ. ಈಗ ಅವರ ಮುಂದ ಹೋಗಾಕ ನನಗ ಮಾರಿ ಇಲ್ಲ. ಅದೊಂದ ನೋಡ್ರಿ."

"ಫೋನಿನಾಗ ಹೇಳಾಕ ಆಗಲಿಲ್ಲ. ಅವರು ಎದುರಿಗೆ ಕುಂತಿದ್ರು."

"ಸಂಜೀಗೆ ನಿಮ್ಮಣ್ಣಗ ಹೇಳಿದ್ರೆಲ್ಲಾ, ಆವಾಗ ಯಾರೂ ಎದುರಿಗೆ ಇರಲಿಲ್ಲ." ಶಂಕ್ರವ್ವ ಮೊದಲ ಸಲ ಅವಳ ಮುಖ ನೋಡಿದಳು. ಸಿಟ್ಟಿನ ಮುಖವಲ್ಲ ಅದು, ಪರಿಚಯವಿಲ್ಲದವರನ್ನು ನೋಡುವ ಮುಖ. "ಅಣ್ಣ ಅಂದ್ರ ರಕ್ತ. ನಂದೇನು, ಎರಡು ತಿಂಗಳ ಹಾಲು. ಅದು ಎಷ್ಟು ದಿನ ಇದ್ದೀತು. ಚಾ ಕುಡಿದು ಹೋಗ್ರಿ."

ಚಹಾ ಮಾಡಿ ಕೊಟ್ಟಳು. ವಿದ್ಯಾ ಕುಡಿದು ಲೋಟ ತೊಳೆದಿಡಲು ಏಳುವಷ್ಟರಲ್ಲಿ, ಅತಿಥಿಗಳ ಕೈಯಿಂದ ತೆಗೆದುಕೊಂಡ ಹಾಗೆ ಶಂಕ್ರವ್ವ ಅದನ್ನು ತೆಗೆದುಕೊಂಡಳು.

ಆಗಸ್ಟಿನಲ್ಲಿ ವಿದ್ಯಾಳಿಗೆ ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯ ಹತ್ತಿರ ಮೆಣಸಿನ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸ ಸಿಕ್ಕಿತು. ಬಿಳಿ ಕೋಟಿನ ಕೆಲಸವಲ್ಲ, ನೀರು ಹೊಡೆಯುವುದು, ತಟ್ಟೆ ತುಂಬುವುದು. ಸಸಿ ಕೊಳ್ಳಲು ಬಂದವರು ಯಾವುದು ಚಲೋ ಎಂದು ಕೇಳಿದರೆ ಅವಳು ಮಾಲೀಕರನ್ನು ಕೇಳಿ ಎಂದು ಆ ಕಡೆ ತಿರುಗುತ್ತಿದ್ದಳು.

ದೀಪಾವಳಿಗೆ ಮುಂಚೆ ರವಿಯ ಗೋವಿನಜೋಳ ಕಟಾವಿಗೆ ಬಂತು. ಕೇರಿಯಲ್ಲಿ ಒಬ್ಬರ ಕಟಾವಿಗೆ ಇನ್ನೊಬ್ಬರು ಮುಯ್ಯಾಳು ಬರುವುದು ಹಿಂದಿನಿಂದಲೂ ಇದ್ದದ್ದು. ಈ ಸಲ ಯಾರೂ ಬರಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ಗುತ್ತೆವ್ವ, ರವಿ, ರಜೆ ಹಾಕಿ ಬಂದ ವಿದ್ಯಾ, ಮೂವರೇ ಹನ್ನೊಂದು ದಿನ ತೆನೆ ಮುರಿದರು. ಅಂಥ ತೆನೆಗಳನ್ನು ಆ ತಗ್ಗು ಹೊಲ ಯಾವ ವರ್ಷವೂ ಕೊಟ್ಟಿರಲಿಲ್ಲ. ಗೇಣುದ್ದ, ತುದಿಯವರೆಗೂ ಕಾಳು. ಒಬ್ಬರೂ ಅದನ್ನು ಚಲೋ ಬಂದಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಗುತ್ತೆವ್ವ ಸುಲಿಯುತ್ತ ಸುಲಿಯುತ್ತ ಕೈ ನಿಲ್ಲಿಸಿ, ಹನ್ನೆರಡು ಆಳಿನ ಗದ್ದಲವಿರಬೇಕಾಗಿದ್ದ ಹೊಲವನ್ನು ನೋಡುತ್ತ ಕೂತುಬಿಡುತ್ತಿದ್ದಳು.

ಕಾಳು ಒಣಗಿದ ಮೇಲೆ ರವಿ ಎರಡು ಚೀಲ ತುಂಬಿ, ಬಾಯಿ ಹೊಲಿದು, ಒಂದು ಬೆಳಗ್ಗೆ ಶಂಕ್ರವ್ವನ ಬಾಗಿಲ ಪಕ್ಕದಲ್ಲಿ ಇಟ್ಟು ಬಂದ. ಚೀಲಗಳು ಅಲ್ಲೇ ಬಿಸಿಲಿನಲ್ಲಿ ನಿಂತವು. ಎರಡನೆಯ ದಿನ ಒಂದಕ್ಕೆ ಹೆಗ್ಗಣ ತೂತು ಮಾಡಿತು, ಓಣಿಯ ಕೋಳಿಗಳು ಬಂದು ಹೆಕ್ಕಿದವು. ಶಂಕ್ರವ್ವ ದಿನವೂ ಅವುಗಳ ಪಕ್ಕದಲ್ಲೇ ಹಾದು ಕಳೆಗೆ ಹೋದಳು, ಬಂದಳು. ನಾಲ್ಕನೆಯ ದಿನ ಚನ್ನೇಶನ ಹೆಂಡತಿಯ ಕೈಯಲ್ಲಿ ಮಾತು ಕಳಿಸಿದಳು: ದಾರಿಗೆ ಅಡ್ಡ ಆಗಿದೆ, ಎಮ್ಮೆ ಒಳಗೆ ಹೊರಗೆ ಮಾಡಲು ತ್ರಾಸು, ನಿಮ್ಮದನ್ನು ನೀವು ಒಯ್ಯಿರಿ.

ರವಿ ಮನೆಯಲ್ಲಿರಲಿಲ್ಲ. ಗುತ್ತೆವ್ವ ಹೊರಗೆ ಬರಲೊಲ್ಲೆ ಎಂದಳು. ವಿದ್ಯಾ ಒಬ್ಬಳೇ ಹೋಗಿ ಮೊದಲನೆಯ ಚೀಲದ ಕಿವಿ ಹಿಡಿದು ಎಳೆದಳು. ತೂತಿನಿಂದ ಕಾಳು ಸುರಿಯುತ್ತ ಓಣಿಯ ಅಡ್ಡಕ್ಕೆ ಒಂದು ಹಳದಿ ಗೆರೆ ಬಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ನಾಲ್ಕು ಜನ ಅವಳಿಗೆ ದಾರಿ ಬಿಡಲೆಂದು ಕಾಲು ಮೇಲೆತ್ತಿಕೊಂಡರು. ಅವಳು ಎರಡನೆಯ ಚೀಲಕ್ಕೆ ಮತ್ತೆ ಬಂದಾಗಲೂ ಎತ್ತಿಕೊಂಡೇ ಇದ್ದರು.